ಲಿಫ್ಟಿನಲ್ಲಿ ಸಿಕ್ಕ ಶಿಕ್ಷೆ

ಹೋದ ತಿಂಗಳು ನಮ್ಮ ಎದುರು ಮನೆಗೆ ಬಿಹಾರದ ಕಡೆಯ ಒಂದು ಸಂಸಾರ ಬಂತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆಲ್ಲ ಲ್ಯಾಪ್‌ಟಾಪ್ ಚೀಲ ಬೆನ್ನಿಗೇರಿಸಿ ಹೊರಡುವವರು. ಐದು ವರ್ಷದ ಮಗಳನ್ನು ನೋಡಿಕೊಳ್ಳಲು ಊರಿಂದ ಅಜ್ಜಿ ಬಂದಿದ್ದಾರೆ. ಮೊದಲ ದಿನ ಲಿಫ್ಟಿನಲ್ಲಿ ಆ ಹುಡುಗಿ ನನ್ನ ಊರುಗೋಲನ್ನೇ ದಿಟ್ಟಿಸುತ್ತಿದ್ದಳು. ತುಕ್ಕು ಹಿಡಿದ ನನ್ನ ಹಿಂದಿಯಲ್ಲಿ ಹೆಸರು ಕೇಳಿದೆ. ‘ಶಿಕ್ಷಾ’ ಅಂದಳು.

ಬಕೆಟ್ಟು ಹಿಡಿದು ಮೂಲೆಯಲ್ಲಿ ನಿಂತಿದ್ದ ಹೌಸ್‌ಕೀಪಿಂಗ್ ಹೆಂಗಸು ಗಲ್ಲಕ್ಕೆ ಕೈಯಿಟ್ಟಳು. ರಾಯಚೂರಿನ ಕಡೆಯವಳು. ‘ಯವ್ವಾ, ಕೂಸಿಗೆ ಸಿಕ್ಸೆ ಅಂತ ಹೆಸರಿಟ್ಟಾರಲ್ರೀ ಅಜ್ಜಾರ! ಯಾವ ತಪ್ಪಿಗಂತ?’

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳದೂ ಅದೇ ಮಾತು. ಹಿಂದಿಯಲ್ಲಿ ಶಿಕ್ಷಾ ಅಂದರೆ ವಿದ್ಯೆ ಕಣೇ, ನಾವು ವಿದ್ಯಾ ಅಂತ ಇಡೋದಿಲ್ಲವಾ ಹಾಗೆ ಎಂದು ವಿವರಿಸಿದೆ. ‘ನೀವು ಎಷ್ಟು ಹೇಳಿದ್ರೂ ಅಷ್ಟೇ, ನನಗೆ ಬೆನ್ನಿಗೆ ಬಾಸುಂಡೆ ಬಂದ ಹಾಗೇ ಕೇಳಿಸತ್ತೆ’ ಎಂದು ಕುಕ್ಕರ್ ಇಳಿಸಲು ಹೋದಳು.

ಅವಳದು ತಪ್ಪಲ್ಲ. ನಮ್ಮ ಕಾಲದಲ್ಲಿ ಶಾಲೆ ಕಲಿತ ಯಾವ ಕನ್ನಡಿಗನ ಕಿವಿಗೂ ಆ ಪದ ಬರಿಗೈಯಲ್ಲಿ ಬರುವುದಿಲ್ಲ. ಕೋಲು ಹಿಡಿದೇ ಬರುತ್ತದೆ.

ನನ್ನ ಶಾಲೆ ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿತ್ತು. 1960ರ ದಶಕ. ಹಂಚಿನ ಮಾಡು, ಮಳೆಗಾಲದಲ್ಲಿ ಕಂಬಳಿಕೊಪ್ಪೆಗಳಿಂದ ತೊಟ್ಟಿಕ್ಕಿದ ನೀರು ಸೇರಿ ಸದಾ ಹಸಿಯಾಗಿರುತ್ತಿದ್ದ ನೆಲ. ನಾಲ್ಕು ತರಗತಿಗೂ ಸೇರಿ ಒಬ್ಬರೇ ಮಾಸ್ತರರು. ಅವರು ಕೋಲು ತರುತ್ತಿರಲಿಲ್ಲ, ನಾವೇ ತಂದುಕೊಡಬೇಕಿತ್ತು. ಬೇಲಿಯ ಲಕ್ಕಿಗಿಡದ ಬರಲನ್ನು ಮುರಿದು, ಎಲೆ ಸವರಿ, ಮೇಜಿನ ಮೇಲಿಡುವ ಸರದಿ ವಾರಕ್ಕೊಬ್ಬರದು. ತಂದವನೇ ಮೊದಲ ಏಟು ತಿಂದದ್ದೂ ಉಂಟು. ಬಸ್ಕಿ, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯಲ್ಲಿ ಕೂರುವುದು, ಗೆಣ್ಣಿನ ಮೇಲೆ ಪಟ್ಟಿಯ ಅಂಚು ಎಂದು ಶಿಕ್ಷೆಗಳಲ್ಲಿ ದರ್ಜೆಗಳಿದ್ದವು. ನನ್ನಜ್ಜನಿಗೆ ಇದೆಲ್ಲ ಲೆಕ್ಕಕ್ಕೇ ಇರಲಿಲ್ಲ. ಅವರು ಓದಿದ್ದು ಗಾಂವಟಿ ಶಾಲೆಯಲ್ಲಿ. ಅಲ್ಲಿಯ ಐಗಳು ತೊಲೆಗೆ ಹಗ್ಗ ಕಟ್ಟಿ, ಹುಡುಗನ ಕೈಗೆ ಅದನ್ನು ಕೊಟ್ಟು ನೇತಾಡಿಸಿ, ಕೆಳಗಿನಿಂದ ಬಾರಿಸುತ್ತಿದ್ದರಂತೆ. ಅದಕ್ಕೆ ಕೋದಂಡ ಎಂದು ಹೆಸರು. ‘ನಿಮ್ಮದೂ ಒಂದು ಶಿಕ್ಷೆಯೇನೋ’ ಎಂದು ಅಜ್ಜ ನಗುತ್ತಿದ್ದರು. ಎರಡನೇ ಪುಸ್ತಕಕ್ಕೇ ಶಾಲೆ ಬಿಟ್ಟವರು ಅವರು ಎಂಬುದು ಆ ನಗುವಿನ ಹಿಂದೆ ಮರೆಯಾಗಿ ಹೋಗುತ್ತಿತ್ತು.

ಮನೆಯವರ ಒಪ್ಪಿಗೆ ಮೊದಲೇ ಸಂದಾಯವಾಗಿತ್ತು. ಶಾಲೆಗೆ ಸೇರಿಸಿದ ದಿನ ಅಮ್ಮ ಮಾಸ್ತರರಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ‘ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದ್ರೂ ಹೊಡೀರಿ ಮಾಸ್ತರೇ, ನಾಲ್ಕಕ್ಷರ ಬಂದರೆ ಸಾಕು.’

ಆ ಮಾಸ್ತರರಿಗೆ ಎರಡು ಹುಚ್ಚು. ಒಂದು ಲೆಕ್ಕ, ಇನ್ನೊಂದು ತಾಳಮದ್ದಲೆ. ನಮ್ಮ ಸೀಮೆಯಲ್ಲಿ ಮಳೆಗಾಲ ಕಳೆಯುವುದೇ ತಾಳಮದ್ದಲೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದರೆ ಅರ್ಥಧಾರಿಗಳು ಕೂತಲ್ಲೇ ಮಾತಿನ ಮಂಟಪ ಕಟ್ಟುವುದು. ಒಮ್ಮೆ ದೇವಸ್ಥಾನದ ಚಂದ್ರಶಾಲೆಯಲ್ಲಿ ಮಾಸ್ತರರದು ಕೃಷ್ಣನ ಅರ್ಥ. ನಾವು ಹುಡುಗರು ಎದುರಿಗೇ ಕೂತಿದ್ದೆವು. ಮಾತು ಏರುತ್ತ ಏರುತ್ತ ಅವರು ಎದೆ ಮುಟ್ಟಿಕೊಂಡು ‘ನಾನಾರೆಂದು ಬಗೆದೆ? ದುಷ್ಟಶಿಕ್ಷಕ!’ ಎಂದು ಗುಡುಗಿದರು.

ಶಿಕ್ಷಕ ಎಂದರೆ ಮಾಸ್ತರರು ಎಂದು ಅದೇ ವರ್ಷ ಕಲಿತಿದ್ದೆವು. ‘ಶಿಷ್ಟರಕ್ಷಕ’ ಎಂಬುದು ಬರುವಷ್ಟರಲ್ಲಿ ನಮ್ಮ ಸಾಲಿನಲ್ಲಿ ನಗು ತಡೆಯಲಾರದೆ ಒಬ್ಬ ಕೆಮ್ಮಿದ, ಇನ್ನೊಬ್ಬ ಎದ್ದು ಹೊರಗೋಡಿದ. ನಾನು ಮೊಣಕಾಲ ಸಂದಿಯಲ್ಲಿ ಮುಖ ಹುದುಗಿಸಿದೆ. ಮಾಸ್ತರರು ತಾವೇ, ಊರವರ ಮುಂದೆ, ಭಾಗವತರ ಸಾಕ್ಷಿಯಾಗಿ ಒಪ್ಪಿಕೊಂಡುಬಿಟ್ಟರಲ್ಲ! ಸೋಮವಾರ ಅವರು ಆ ಸಮಾಸವನ್ನು ನಮ್ಮ ಅಂಗೈ ಮೇಲೆ ಬಿಡಿಸಿ ತೋರಿಸಿದರು. ದುಷ್ಟರನ್ನು ಶಿಕ್ಷಿಸುವವನು, ತಿಳಿಯಿತೇ? ತಿಳಿಯಿತು. ಒಂದೇ ಪದ ಮಾಸ್ತರನೂ ಆಗುತ್ತದೆ, ದಂಡಿಸುವವನೂ ಆಗುತ್ತದೆ ಎಂಬ ಪಾಠ ನಾನು ಮೊದಲು ಕಲಿತದ್ದು ಹಾಗೆ.

ಅದೇ ಥರದ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ವರ್ಷ ನನ್ನ ಜೊತೆಗಿತ್ತು. ಕೆಳದಿ ನಮಗೆ ಹತ್ತಿರ. ಸಮಾಜ ಪಾಠದಲ್ಲಿ ‘ಶಿವಪ್ಪನಾಯಕನ ಶಿಸ್ತು’ ಎಂದು ಬರುತ್ತಿತ್ತು. 1645ರಿಂದ 1660ರವರೆಗೆ ಆಳಿದ ಆ ನಾಯಕ ಕೋಲು ಹಿಡಿದು ಪ್ರಜೆಗಳನ್ನು ಸಾಲಾಗಿ ನಿಲ್ಲಿಸಿದ್ದಾನೆ ಎಂದೇ ನನ್ನ ಕಲ್ಪನೆ. ಅಲ್ಲಿ ಶಿಸ್ತು ಎಂದರೆ ಭೂಮಿಯ ಗುಣ ನೋಡಿ, ಬೆಳೆ ಅಂದಾಜಿಸಿ ಗೊತ್ತುಮಾಡಿದ ಕಂದಾಯ ಎಂದು ತಿಳಿದಾಗ ನನಗೆ ಮೀಸೆ ಬಂದಿತ್ತು.

ನಕ್ಕದ್ದನ್ನು ಹೇಳಿದೆ. ನಗಬಾರದಿದ್ದಲ್ಲಿ ನಕ್ಕದ್ದನ್ನೂ ಹೇಳಬೇಕು.

ಗದ್ದೆಯಾಚೆಯ ಕೇರಿಯಿಂದ ಒಬ್ಬ ಹುಡುಗ ಬರುತ್ತಿದ್ದ. ಮಗ್ಗಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತರ ಮಗ್ಗಿಯನ್ನು ಕೆಳಗಿಂದ ಮೇಲಕ್ಕೆ, ಏಣಿ ಇಳಿದಷ್ಟು ಸಲೀಸಾಗಿ ಹೇಳುತ್ತಿದ್ದ. ಅವನಿಗೆ ಬಾರದ್ದು ಶಕಾರ ಮತ್ತು ಹಕಾರ. ಅವನ ಬಾಯಲ್ಲಿ ಶಾಲೆ ‘ಸಾಲೆ’, ಹಾಲು ‘ಆಲು’, ಶಿಕ್ಷಣ ‘ಸಿಕ್ಸಣ’. ಮಾಸ್ತರರು ಅವನನ್ನು ಎಬ್ಬಿಸಿ ನಿಲ್ಲಿಸಿ ‘ಶಾಲೆ ಅನ್ನು’ ಅನ್ನುವರು. ‘ಸಾಲೆ.’ ಒಂದು ಏಟು. ‘ಶಾಲೆ.’ ‘ಸಾಲೆ ಸಾ.’ ಎರಡು ಏಟು. ಮನೆಯಲ್ಲಿ ಮಂತ್ರ, ಪದ್ಯ ಕೇಳುತ್ತ ಬೆಳೆದ ನಮಗೆ ಶಕಾರ ತಾಯಿಯ ಹಾಲಿನ ಜೊತೆ ಬಂದಿತ್ತು. ಅದರಲ್ಲಿ ನಮ್ಮ ಸಾಧನೆ ಏನೂ ಇರಲಿಲ್ಲ. ಆದರೂ ನಾವು ನಗುತ್ತಿದ್ದೆವು. ನಾನು ಜೋರಾಗಿಯೇ ನಗುತ್ತಿದ್ದೆ, ಯಾಕೆಂದರೆ ಏಟು ಅವನ ಕೈಗೆ ಬೀಳುವಷ್ಟು ಹೊತ್ತು ನನ್ನ ಕೈಗೆ ಬೀಳುತ್ತಿರಲಿಲ್ಲ. ನಾಲ್ಕನೆಯ ತರಗತಿಯ ನಡುವಿನಲ್ಲಿ ಅವನು ಬರುವುದು ನಿಲ್ಲಿಸಿದ. ದನ ಕಾಯಲು ಹೋದ ಅಂದರು. ಮಾಸ್ತರರು ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಎಳೆದರು.

ಬಹಳ ಕಾಲದ ಮೇಲೆ ನನಗೆ ತಿಳಿದ ಸಂಗತಿಯೊಂದಿದೆ. ವೇದದ ಆರು ಅಂಗಗಳಲ್ಲಿ ಒಂದರ ಹೆಸರೇ ಶಿಕ್ಷಾ, ಮತ್ತು ಅದು ಉಚ್ಚಾರಣೆಯ ಶಾಸ್ತ್ರ. ಯಾವ ಅಕ್ಷರ ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆ, ಸ್ವರ ಎಲ್ಲಿ ಏರಬೇಕು, ಮಾತ್ರೆ ಎಷ್ಟು ಎಳೆಯಬೇಕು ಎಂಬುದನ್ನು ಹೇಳುವ ವಿದ್ಯೆ. ತೈತ್ತಿರೀಯ ಉಪನಿಷತ್ತು ಶುರುವಾಗುವುದೇ ಶೀಕ್ಷಾವಲ್ಲಿಯಿಂದ. ಅಲ್ಲಿ ಶೀ ಎಂದು ದೀರ್ಘ. ಅಂದರೆ ಆ ಹುಡುಗನಿಗೆ ಕೊಡಬೇಕಾಗಿದ್ದುದು ಶಿಕ್ಷೆಯೇ, ಹಳೆಯ ಅರ್ಥದ್ದು. ನಾಲಗೆಯನ್ನು ಎಲ್ಲಿಗೆ ತಾಗಿಸಬೇಕು ಎಂದು ಒಂದು ಸಲ ತೋರಿಸಿದ್ದರೆ ಆಗುತ್ತಿತ್ತು. ಇನ್ನೂ ಒಂದು ವಿಷಯ. ಬೌದ್ಧರ ಪಾಲಿಯಲ್ಲಿ ಶಕಾರವೇ ಇಲ್ಲ. ಅಲ್ಲಿ ಶಿಕ್ಷಾ ‘ಸಿಕ್ಖಾ’ ಆಗಿದೆ. ಭಿಕ್ಷುಗಳು ಪಾಲಿಸುವ ಒಂದೊಂದು ನಿಯಮವೂ ‘ಸಿಕ್ಖಾಪದ’. ಪಾಲಿ ಬಲ್ಲ ಭಿಕ್ಷುವೊಬ್ಬ ನಮ್ಮ ಶಾಲೆಗೆ ಬಂದಿದ್ದರೆ ಅವನೂ ಅಂಗೈ ಒಡ್ಡಬೇಕಾಗುತ್ತಿತ್ತು.

ನನಗೆ ಈ ಪದದ ಇನ್ನೊಂದು ಮುಖ ಕಂಡದ್ದು 1981ರಲ್ಲಿ. ಬ್ಯಾಂಕಿನ ಗುಮಾಸ್ತಗಿರಿಯಿಂದ ಬಡ್ತಿ ಸಿಕ್ಕಿ, ಬನಾರಸಿಗೆ ಎರಡು ಗಂಟೆ ದೂರದ ಒಂದು ಊರಿಗೆ ನನ್ನನ್ನು ಹಾಕಿದರು. ಬಸ್ಸಿಳಿದ ಕೂಡಲೇ ಕಂಡ ಫಲಕ: ‘ಬೇಸಿಕ್ ಶಿಕ್ಷಾ ಅಧಿಕಾರಿ’. ಪರವಾಗಿಲ್ಲ, ಈ ಊರಲ್ಲಿ ಮೂಲಭೂತ ಶಿಕ್ಷೆಗೇ ಒಬ್ಬ ಅಧಿಕಾರಿ ಇದ್ದಾನೆ, ಮೇಲ್ಮಟ್ಟದ ಶಿಕ್ಷೆಗೆ ಇನ್ನಾರೋ ಎಂದುಕೊಂಡೆ. ಹೈಸ್ಕೂಲಿನಲ್ಲಿ ಹಿಂದಿ ಕಲಿತಿದ್ದೆ ನಿಜ. ಆದರೆ ಪರೀಕ್ಷೆಗೆ ಕಲಿತ ಪದ ಬೇರೆ, ಮೈಗೆ ಹತ್ತಿದ ಪದ ಬೇರೆ.

ಸೇರಿ ತಿಂಗಳಾಗಿರಲಿಲ್ಲ, ಲೆಡ್ಜರ್ ಬ್ಯಾಲೆನ್ಸಿಂಗಿನಲ್ಲಿ 270 ರೂಪಾಯಿ ವ್ಯತ್ಯಾಸ ಬಂತು. ಆಗ ಕಂಪ್ಯೂಟರ್ ಇಲ್ಲ. ದಪ್ಪ ಲೆಡ್ಜರುಗಳ ಒಂದೊಂದು ಹಾಳೆ ತಿರುವಿ ಕೂಡಬೇಕು. ಎರಡು ರಾತ್ರಿ ಕೂಡಿದರೂ ಟ್ಯಾಲಿ ಆಗಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಮೂರನೆಯ ದಿನ ಮ್ಯಾನೇಜರರ ಮುಂದೆ ನಿಂತು, ರಾತ್ರಿಯೆಲ್ಲ ಉರು ಹೊಡೆದ ಹಿಂದಿ ವಾಕ್ಯ ಒಪ್ಪಿಸಿದೆ: ‘ಗಲತೀ ಮೇರೀ ಹೈ ಸರ್. ಆಪ್ ಜೋ ಶಿಕ್ಷಾ ದೇಂಗೇ, ಮಂಜೂರ್ ಹೈ.’ ತಪ್ಪು ನನ್ನದು, ಏನು ಶಿಕ್ಷೆ ಕೊಟ್ಟರೂ ಒಪ್ಪಿದ್ದೇನೆ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು.

ಆ ಮನುಷ್ಯ ಬಾಯಿಗೆ ಪಾನ್ ಹಾಕಿಕೊಳ್ಳುತ್ತಿದ್ದವರು ಕೈ ತಡೆದರು. ನನ್ನನ್ನು ಒಂದು ಗಳಿಗೆ ನೋಡಿದರು. ನಗಲಿಲ್ಲ. ‘ಠೀಕ್ ಹೈ. ಶಿಕ್ಷಾ ಹೀ ದೇಂಗೇ’ ಅಂದರು. ಸಂಜೆ ಉಳಿದುಕೊಳ್ಳಲು ಹೇಳಿದರು.

ಸಂಜೆ ಎಲ್ಲರೂ ಹೋದ ಮೇಲೆ ಎದೆ ಹೊಡೆದುಕೊಳ್ಳುತ್ತ ಕುಳಿತಿದ್ದೆ. ಮೆಮೊ ಕೊಡುತ್ತಾರೋ, ಸಂಬಳದಲ್ಲಿ ಹಿಡಿಯುತ್ತಾರೋ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, 270ನ್ನು 9ರಿಂದ ಭಾಗಿಸು ಎಂದರು. ಶೇಷವಿಲ್ಲದೆ ಹೋಯಿತು. ‘ಹಾಗಾದರೆ ಎರಡು ಅಂಕಿ ಅದಲುಬದಲಾಗಿವೆ. ಇಡೀ ಲೆಡ್ಜರ್ ಕೂಡಬೇಡ, ಅಂಥ ಅಂಕಿ ಮಾತ್ರ ಹುಡುಕು.’ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು: 1,520 ಇರಬೇಕಾದಲ್ಲಿ ನಾನು 1,250 ಬರೆದಿದ್ದೆ. ಹಳೆಯ ಬ್ಯಾಂಕಿನವರಿಗೆಲ್ಲ ಗೊತ್ತಿದ್ದ ಯುಕ್ತಿ ಇದು. ಅಂಕಿಗಳು ಸ್ಥಾನ ಬದಲಿಸಿದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಜಮೆಯನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಇಮ್ಮಡಿ ಬರುತ್ತದೆ. ಅರ್ಧ ಮಾಡಿ ಹುಡುಕಬೇಕು. ಮೂರು ವಾರ, ದಿನವೂ ಸಂಜೆ ಒಂದು ಗಂಟೆ ಅವರು ಹೀಗೆ ಕೂರಿಸಿಕೊಂಡರು. ಒಂದು ಗಟ್ಟಿ ಮಾತಿಲ್ಲ. ಮುಂದೆ ಮೂವತ್ತು ವರ್ಷ ನಾನು ತಿಂದ ಅನ್ನ ಆ ಮೂರು ವಾರದ್ದು.

ನನ್ನ ವಾಕ್ಯದ ತಪ್ಪನ್ನು ಅವರು ಹೇಳಿದ್ದು ಕೊನೆಯ ದಿನ. ನಿನ್ನ ಭಾಷೆಯಲ್ಲಿ ಶಿಕ್ಷಾಕ್ಕೆ ಏನರ್ಥ ಎಂದು ಕೇಳಿದರು. ಹೇಳಿದೆ. ಸಂಸ್ಕೃತ ಎಂ.ಎ. ಮಾಡಿ ಬ್ಯಾಂಕಿಗೆ ಬಂದು ಬಿದ್ದವರು ಅವರು. ಪಾಣಿನಿಯ ಧಾತುಪಾಠದಲ್ಲಿ ಶಿಕ್ಷ್ ಎಂಬ ಧಾತುವಿಗೆ ವಿದ್ಯೆಯನ್ನು ಪಡೆಯುವುದು ಎಂದೇ ಅರ್ಥ ಕೊಟ್ಟಿದೆ, ಆದರೆ ಅದರ ಹಿಂದೆ ಇನ್ನೂ ಹಳೆಯದೊಂದು ಇದೆ ಎಂದರು. ಶಕ್ ಎಂದರೆ ಬಲ್ಲವನಾಗು, ಕೈಲಾಗು. ಶಕ್ತಿ, ಶಕ್ಯ ಎಲ್ಲ ಅದರ ಮಕ್ಕಳು. ಕುಡಿಯಬೇಕೆಂಬ ಆಸೆ ಪಿಪಾಸೆ, ತಿಳಿಯಬೇಕೆಂಬ ಆಸೆ ಜಿಜ್ಞಾಸೆ ಆದಂತೆ, ಶಕ್ತನಾಗಬೇಕು ಎಂಬ ಆಸೆ ಶಿಕ್ಷಾ. ‘ಕೈಲಾಗಬೇಕು ಎಂಬ ಹಂಬಲ. ಅದನ್ನು ನೀವು ದಕ್ಷಿಣದವರು ಏನು ಮಾಡಿಟ್ಟಿರಿ!’

ದಕ್ಷಿಣದವರು ಮಾತ್ರವಲ್ಲ ಎಂದು ವಾದಿಸುವಷ್ಟು ಹಿಂದಿ ಆಗ ನನ್ನಲ್ಲಿರಲಿಲ್ಲ. ತೆಲುಗು, ಮಲಯಾಳಗಳು ನಮ್ಮ ಹಾಗೇ ಶಿಕ್ಷೆಯನ್ನು ದಂಡನೆ ಮಾಡಿಕೊಂಡಿವೆ ಸರಿ. ಮರಾಠಿಯಲ್ಲೂ ಶಿಕ್ಷಾ ಅಂದರೆ ದಂಡನೆಯೇ. ಕಲಿಯುವುದಕ್ಕೆ ‘ಶಿಕಣೇ’ ಇದೆ, ವಿದ್ಯೆಗೆ ನಮ್ಮಂತೆ ‘ಶಿಕ್ಷಣ’. ತೆಲುಗಿನವರಿಗೆ ಶಿಕ್ಷಣ ಎಂದರೆ ತರಬೇತಿ. ಗುಜರಾತಿ ಎರಡು ದೋಣಿಯಲ್ಲೂ ಕಾಲಿಟ್ಟಿದೆ. ಬಂಗಾಳಿ, ಒಡಿಯಾ, ನೇಪಾಳಿಗಳಲ್ಲಿ ವಿದ್ಯೆ. ಬಂಗಾಳಿಗಳಿಗೆ ದಂಡನೆಗೆ ‘ಶಾಸ್ತಿ’ ಎಂಬ ಪದವಿದೆ, ಆ ಹೆಸರಿನದೊಂದು ಕಥೆಯನ್ನೇ ರವೀಂದ್ರನಾಥರು ಬರೆದಿದ್ದಾರೆ. ಅದು ನಮ್ಮಲ್ಲೂ ಉಂಟು: ‘ತಕ್ಕ ಶಾಸ್ತಿ ಆಯ್ತು.’ ಶಾಸ್ತ್ರ, ಶಿಷ್ಯ, ಶಾಸ್ತಿ ಮೂರೂ ಒಂದೇ ಬೇರಿನವು ಎಂಬುದನ್ನು ನೋಡಿದರೆ, ಕಲಿಸುವವರ ಕೈ ಮೊದಲಿನಿಂದಲೂ ಕೋಲಿನ ಹತ್ತಿರವೇ ಇತ್ತೇನೋ. ಸಂಸ್ಕೃತವನ್ನೇಕೆ ದೂರಬೇಕು? ‘ನಿನಗೆ ಬುದ್ಧಿ ಕಲಿಸ್ತೀನಿ’ ಎಂದು ಅಚ್ಚಗನ್ನಡದ ‘ಕಲಿಸು’ ಹಚ್ಚಿ ಹೇಳಿದಾಗ ಯಾರಾದರೂ ಸ್ಲೇಟು ತೆಗೆದುಕೊಂಡು ಕೂರುತ್ತಾರೆಯೇ? (ಪೂಜೆ, ಮಂಗಳಾರತಿ, ಸಹಸ್ರನಾಮಗಳನ್ನೂ ಬೈಗುಳಕ್ಕೆ ಹಚ್ಚಿದ ಜನ ನಾವು.) ಕೇಂದ್ರದ ಸರ್ವ ಶಿಕ್ಷಾ ಅಭಿಯಾನ ಇಲ್ಲಿ ‘ಸರ್ವ ಶಿಕ್ಷಣ’ ಆದದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನಾಡಿನ ಮಕ್ಕಳಿಗೆಲ್ಲ ಸಾಮೂಹಿಕ ದಂಡನೆ ಎಂದು ಗೋಡೆ ಗೋಡೆಯ ಮೇಲೆ ಬರೆದಂತಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಸಿಂಗಪುರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬೇಸರ ಕಳೆಯಲು ಗ್ರಂಥಾಲಯದಲ್ಲಿ ಮಲಯ ನಿಘಂಟು ತಿರುವುತ್ತಿದ್ದವನಿಗೆ ಪರಿಚಯದವರೇ ಸಿಗತೊಡಗಿದರು. ಅಲ್ಲಿಯೂ ‘ಗುರು’ ಮಾಸ್ತರನೇ. ‘ದೆಂಡ’ ಎಂದರೆ ದಂಡ, ಜುಲ್ಮಾನೆ. ಮತ್ತೆ ‘ಸೆಕ್ಸ’, ಇಂಡೋನೇಷ್ಯಾದಲ್ಲಿ ‘ಸಿಕ್ಸ’. ಅರ್ಥ: ಚಿತ್ರಹಿಂಸೆ. ನಮ್ಮ ಶಿಕ್ಷೆ ಹಡಗು ಹತ್ತಿ ಹೋಗಿ ಇನ್ನೂ ಕ್ರೂರಿಯಾಗಿತ್ತು. ಅಲ್ಲಿಯೂ ಮೊದಲು ಹಾಗಿರಲಿಲ್ಲ. ಪಶ್ಚಿಮ ಜಾವಾದ ಹಳೆಯ ಸುಂಡಾ ಭಾಷೆಯಲ್ಲಿ 1518ರ ಒಂದು ತಾಳೆಗರಿ ಗ್ರಂಥವಿದೆ, ‘ಸಿಕ್ಸಾ ಕಂದಂಗ್ ಕರೆಸಿಯನ್’ ಎಂದು. ಅಲ್ಲಿ ಸಿಕ್ಸಾ ಎಂದರೆ ಉಪದೇಶ, ನಡೆಯಬೇಕಾದ ರೀತಿ. ಅದೇ ಪದ ಥಾಯ್ಲೆಂಡಿಗೆ ಹೋಗಿ, ಸುಮಾರು ‘ಸುಕ್ಸಾ’ ಎಂಬ ಉಚ್ಚಾರದಲ್ಲಿ, ಇವತ್ತಿಗೂ ವಿದ್ಯೆಯಾಗಿಯೇ ಉಳಿದಿದೆ. ಅಲ್ಲಿ ಸನ್ಯಾಸ ಬಿಟ್ಟು ಮನೆಗೆ ಮರಳುವುದನ್ನು ‘ಲಾ ಸಿಕ್ಖಾ’ ಅನ್ನುತ್ತಾರೆ, ಸಿಕ್ಖಾಗೆ ವಿದಾಯ ಎಂದು.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಮಗಳಿಗೆ ಉತ್ಸಾಹದಿಂದ ಹೇಳಿದೆ. ಬನಾರಸಿನ ಕಡೆಯ ಮ್ಯಾನೇಜರರ ಕಥೆಯನ್ನೂ ಹೇಳಿದೆ, ಅವಳು ಎಷ್ಟನೆಯ ಸಲ ಕೇಳುತ್ತಿದ್ದಳೋ. ಪೂರ್ತಿ ಕೇಳಿ, ತಟ್ಟೆ ಎತ್ತುತ್ತ ‘ಅಷ್ಟೆಲ್ಲ ಕಲಿತು ಬಂದಮೇಲೂ ಏಳರ ಮಗ್ಗಿಗೆ ನನ್ನ ಗೆಣ್ಣಿಗೆ ಸ್ಕೇಲಲ್ಲಿ ಹೊಡೆದ್ರಲ್ಲ ಅಪ್ಪ’ ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಏಳೆಂಟು ಐವತ್ತನಾಲ್ಕು ಅಂದಿದ್ದಳಂತೆ. ನನಗೆ ನೆನಪೇ ಇಲ್ಲ. ಹೊಡೆದವರಿಗೆ ನೆನಪಿರುವುದಿಲ್ಲ. ಆ ಮಾಸ್ತರರಿಗೂ ಇದ್ದಿರಲಾರದು.

ಮಾಸ್ತರರ ಬಗ್ಗೆ ನಾನು ವರ್ಷಗಟ್ಟಲೆ ಸಭೆ ಸಮಾರಂಭಗಳಲ್ಲಿ ಒಂದೇ ಮಾತು ಹೇಳುತ್ತ ಬಂದವನು: ಅವರ ಏಟಿನಿಂದಲೇ ನಾನು ಮನುಷ್ಯನಾದೆ. ಚಪ್ಪಾಳೆ ಬೀಳುತ್ತಿತ್ತು. ಅವರು ಒಳ್ಳೆಯವರಲ್ಲ ಎಂದು ಈಗಲೂ ಹೇಳಲಾರೆ. ನನಗೆ ಟೈಫಾಯ್ಡ್ ಆದಾಗ ಮಳೆಯಲ್ಲಿ ಮೂರು ಮೈಲಿ ನಡೆದು ಬಂದು, ಹಾಸಿಗೆ ಪಕ್ಕ ಕೂತು ಭಿನ್ನರಾಶಿ ಹೇಳಿಕೊಟ್ಟು ಹೋಗಿದ್ದರು. ನನಗೆ ಲೆಕ್ಕ ಬಂದದ್ದು ಆ ಮಧ್ಯಾಹ್ನಗಳಲ್ಲಿ. ಆದರೆ ಸಭೆಯಲ್ಲಿ ನೆನಪಾಗುತ್ತಿದ್ದುದು ಬರಲೇ ಹೊರತು ಆ ಮಧ್ಯಾಹ್ನಗಳಲ್ಲ. ಯಾಕೋ, ಏಟಿಗೇ ಯಶಸ್ಸಿನ ಪಾಲು ಕೊಡುವುದು ನಮಗೆ ರೂಢಿಯಾಗಿಬಿಟ್ಟಿದೆ.

ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಶಾಲೆಯ ಒಳಗೆ ಇಣುಕಿದೆ. ನಲಿಕಲಿ ತರಗತಿ ನಡೆಯುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ, ಅಕ್ಕೋರೂ ನೆಲದ ಮೇಲೆ. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ. ಗೋಡೆಯ ಮೇಲೆ ಸಹಾಯವಾಣಿ 1098 ಎಂದು ಬರೆದಿತ್ತು. ಬೇಲಿಯಲ್ಲಿ ಲಕ್ಕಿಗಿಡ ಇನ್ನೂ ಇತ್ತು, ಯಾರೂ ಮುರಿಯದೆ ಆಳೆತ್ತರ ಬೆಳೆದು ಹೂ ಬಿಟ್ಟಿತ್ತು.

ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಗದ್ದೆಯಾಚೆಯ ಕೇರಿಯ ಆ ಹುಡುಗ ಸಿಕ್ಕಿದ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೆಲಸ ಮಾಡಿ, ಈಗ ಮೊಣಕಾಲು ಹೋಗಿ ಕೂತಿದ್ದಾನೆ. ನಾನು ‘ನೀನು’ ಅಂದೆ, ಅವನು ‘ನೀವು’ ಅಂದ. ಮಾಸ್ತರರ ಮಾತು ಬಂತು. ‘ಬಾಳ ಒಳ್ಳೇರು, ಮಗ್ಗಿ ಕಲ್ಸಿದ್ದೇ ಅವ್ರು’ ಎಂದು ಇಪ್ಪತ್ತರ ಮಗ್ಗಿಯನ್ನು ಕೆಳಗಿಂದ ಮೇಲಕ್ಕೆ ಹೇಳಿ ತೋರಿಸಿದ. ಒಂದೂ ತಪ್ಪಲಿಲ್ಲ. ಸಾಲೆಯ ಮಾತು ಅವನು ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಬರಲಿಲ್ಲ. ಚಾದ ದುಡ್ಡು ಕೊಟ್ಟು ಬಸ್ಸು ಹತ್ತಿದೆ.

ಎದುರು ಮನೆಯ ಹುಡುಗಿ ಈಗ ದಿನವೂ ಸಂಜೆ ಕೆಳಗೆ ಪಾರ್ಕಿಂಗಿನಲ್ಲಿ ಆಡುತ್ತಾಳೆ. ರಾಯಚೂರಿನ ಹೆಂಗಸಿಗೆ ಅವಳ ಮೇಲೆ ಜೀವ. ಕೂಸನ್ನು ‘ಶಿಕ್ಷೆ’ ಎಂದು ಕರೆಯಲು ಅವಳಿಗೆ ಬಾಯಿ ಬರಲಿಲ್ಲ, ನಾಲಗೆಯೂ ಅಷ್ಟು ಸಹಕರಿಸಲಿಲ್ಲ. ‘ಸಿಕ್ಕಿ’ ಮಾಡಿಕೊಂಡಿದ್ದಾಳೆ. ಪಾಲಿ ಬಲ್ಲವರು ಮಾಡಿದ್ದನ್ನೇ, ಯಾರನ್ನೂ ಕೇಳದೆ. ಹುಡುಗಿ ಆ ಹೆಸರಿಗೆ ಓಗೊಡುತ್ತಾಳೆ. ನಿನ್ನೆ ಇಬ್ಬರೂ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಸಿಕ್ಕಿ ನನ್ನ ಹಳೆಯ ಸ್ಕೂಟರಿನ ಹಿಂದೆ ಅಡಗಿ, ಹೇಳಬೇಡಿ ಎಂದು ನನಗೆ ಬೆರಳು ತೋರಿಸಿದಳು. ನಾನು ಊರುಗೋಲನ್ನು ಗೋಡೆಗೆ ಒರಗಿಸಿ, ಏನೂ ಕಾಣದವನಂತೆ ನಿಂತೆ. ಆದರೂ ಒಂದು ಪುಟ್ಟ ಚಪ್ಪಲಿ ಹೊರಗೆ ಕಾಣುತ್ತಿತ್ತು.

‘ಸಿಕ್ಕಿ ಸಿಕ್ಕಳೂ!’ ಎಂದು ಪೊರಕೆ ಕೆಳಗಿಟ್ಟು ಆ ಹೆಂಗಸು ಓಡಿ ಬಂದಳು.